ಕೋಳಿಯ ಕೆಮ್ಮಿಗೆ ಹೆಸರೇನು?

ಕೋಳಿಗೆ ಬರುವ ಉಸಿರಿನ ಕಾಯಿಲೆಯನ್ನು ಮೊದಲು ಗುರುತಿಸುವುದು ಕಣ್ಣಲ್ಲ, ಕಿವಿ. ಹಗಲಿನಲ್ಲಿ ಸಾವಿರಾರು ಕೋಳಿಗಳ ಗದ್ದಲದಲ್ಲಿ ಅಡಗಿಹೋದ ಸದ್ದು, ರಾತ್ರಿ ದೀಪವಾರಿದ ಮೇಲೆ ಸ್ಪಷ್ಟವಾಗುತ್ತದೆ. ಅಲ್ಲೊಂದು ಸೀನು, ಇಲ್ಲೊಂದು ಕೆಮ್ಮು, ಮತ್ತೆಲ್ಲೋ ಗಂಟಲಿನಲ್ಲಿ ನೀರು ಗುಳುಗುಳಿಸಿದಂತೆ ಗೊರಗೊರ ಸದ್ದು. ಅನುಭವಿಯಾದ ಕೋಳಿಸಾಕಣೆದಾರನು ಮಲಗುವ ಮುನ್ನ ಕತ್ತಲೆಯಲ್ಲಿ ಒಂದು ಗಳಿಗೆ ನಿಂತು ಆಲಿಸುವುದು ಇದನ್ನೇ. ಆ ಸದ್ದು ಇಂದು ಒಂದು ಮೂಲೆಯಲ್ಲಿದ್ದರೆ, ನಾಳೆಯೋ ನಾಡಿದ್ದೋ ಇಡೀ ಶೆಡ್ಡನ್ನೇ ವ್ಯಾಪಿಸಬಹುದೆಂಬುದು ಅವನಿಗೆ ಗೊತ್ತು.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳು ಘಟಪ್ರಭೆಯ ಹೊಳೆಸಾಲಿನವು. ಗೋಕಾಕವೆಂದರೆ ನಾಡಿನ ಜನಕ್ಕೆ ಜಲಪಾತವೂ ಕರದಂಟೂ ನೆನಪಾಗುತ್ತವೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಹೊಳೆಗೆ ಕಟ್ಟಿದ ಅಣೆಕಟ್ಟಿದೆ. ಮೂಡಲಗಿ ಗೋಕಾಕದಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ನಾಡು. ಕಬ್ಬು, ಗೋವಿನಜೋಳಗಳ ಈ ಸೀಮೆಯಲ್ಲಿ ಹಿತ್ತಿಲಿನ ಜವಾರಿ ಕೋಳಿಯೂ ಉಂಟು, ತಗಡಿನ ಚಾವಣಿಯ ಉದ್ದನೆಯ ಶೆಡ್ಡಿನಲ್ಲಿ ಬೆಳೆಯುವ ಬ್ರಾಯ್ಲರ್ ಕೋಳಿಯೂ ಉಂಟು. "ಸಾಹೇಬ್ರ, ಕೋಳಿಗೆ ನೆಗಡಿ ಹತ್ತೇತ್ರಿ" ಎಂಬ ಒಂದೇ ಮಾತಿನಲ್ಲಿ ಪಶುವೈದ್ಯರ ಮುಂದೆ ಬಂದು ನಿಲ್ಲುವ ಸಂಕಟದ ಹಿಂದೆ ಆರೇಳು ಬೇರೆಬೇರೆ ರೋಗಗಳು ಅಡಗಿರಬಹುದು. ಸದ್ದು ಒಂದೇ, ರೋಗ ಒಂದೇ ಅಲ್ಲ. ಎಲ್ಲ ತೊಡಕೂ ಇರುವುದು ಇಲ್ಲಿಯೇ.

ಒಂದು ಸದ್ದು, ಹಲವು ರೋಗ

ಈ ರೋಗಗಳಲ್ಲಿ ನಮ್ಮ ದೇಶಕ್ಕೆ ಹೆಚ್ಚು ಪರಿಚಿತವಾದುದು ರಾಣಿಖೇತ್ ರೋಗ. ೧೯೨೬ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಬಳಿಯಲ್ಲಿಯೂ ಕಾಣಿಸಿಕೊಂಡ ಈ ಪಿಡುಗು, ಅನತಿಕಾಲದಲ್ಲಿಯೇ ಹಿಮಾಲಯದ ತಪ್ಪಲಿನ ರಾಣಿಖೇತದಲ್ಲಿ ಕೋಳಿಗಳನ್ನು ಕೊಂದಿತು. ಜಗತ್ತೆಲ್ಲ ಇದನ್ನು ನ್ಯೂಕ್ಯಾಸಲ್ ರೋಗವೆಂದು ಕರೆದರೆ, ಭಾರತದಲ್ಲಿ ರಾಣಿಖೇತ್ ಎಂಬ ಹೆಸರೇ ನಿಂತಿತು. ಕನ್ನಡನಾಡಿನ ರೈತರು ಇದನ್ನು ಕೊಕ್ಕರೆ ರೋಗವೆನ್ನುವರು. ಏದುಸಿರು, ಹಸಿರು ಭೇದಿ, ಹೊರಳಿದ ಕತ್ತು, ಸೋತ ರೆಕ್ಕೆ, ಆಮೇಲೆ ಸಾವು. ಲಸಿಕೆ ಹಾಕದ ಮಂದೆಗೆ ಇದು ಬಿದ್ದರೆ ಉಳಿಯುವ ಕೋಳಿಗಳು ಕೆಲವೇ.

ಎರಡನೆಯದು ಗಂಟಲಗೂಡನ್ನೂ ಶ್ವಾಸನಾಳವನ್ನೂ ಹಿಡಿಯುವ ಲಾರಿಂಗೋಟ್ರೇಕೈಟಿಸ್. ಇದರಲ್ಲಿ ಕೋಳಿ ಕೆಮ್ಮಿದಾಗ ರಕ್ತ ಬೀಳುವುದುಂಟು. ಮೈಕೋಪ್ಲಾಸ್ಮಾ ಎಂಬ ಅತಿ ಸಣ್ಣ ಜೀವಾಣುವಿನಿಂದ ಬರುವ ದೀರ್ಘಕಾಲದ ಗೂರಲು ಬೇರೆ; ಮೋರೆ ಊದಿ ಮೂಗಿನಿಂದ ನಾರುವ ಲೋಳೆ ಸುರಿಯುವ ಕೊರೈಜಾ ಬೇರೆ. ಹಕ್ಕಿಜ್ವರವೂ ಈ ಸಾಲಿಗೆ ಸೇರಿದ್ದೇ. ಇವುಗಳೆಲ್ಲದರ ನಡುವೆ, ಹೆಚ್ಚು ಸದ್ದಿಲ್ಲದೆ ಹೆಚ್ಚು ನಷ್ಟ ಮಾಡುವ ಒಂದು ರೋಗವಿದೆ. ಅದರ ಹೆಸರು ಇನ್ಫೆಕ್ಷಿಯಸ್ ಬ್ರಾಂಕೈಟಿಸ್. ಸಾಕಣೆದಾರರ ಬಾಯಲ್ಲಿ ಬರಿಯ ಐ.ಬಿ. ಕನ್ನಡದಲ್ಲಿ ಹೇಳುವುದಾದರೆ ಶ್ವಾಸನಾಳಗಳ ಅಂಟುರೋಗ. ಈ ರೋಗದ ವೈರಸ್ಸಿನ ಚರಿತ್ರೆಯನ್ನು ಅರಿತರೆ, ಕೋಳಿಯ ಕೆಮ್ಮಿಗೆ ಹೆಸರು ಹುಡುಕುವುದು ಏಕೆ ಅಷ್ಟು ಕಷ್ಟ, ಏಕೆ ಅಷ್ಟು ಅಗತ್ಯ ಎಂಬುದು ತಿಳಿಯುತ್ತದೆ.

ತೊಂಬತ್ತು ವರ್ಷಗಳ ಹಾದಿ

೧೯೩೧ರಲ್ಲಿ ಅಮೆರಿಕದ ಉತ್ತರ ಡಕೋಟ ಪ್ರಾಂತದಲ್ಲಿ ಶಾಕ್ ಮತ್ತು ಹಾನ್ ಎಂಬ ಇಬ್ಬರು ವಿಜ್ಞಾನಿಗಳು, ಕೋಳಿಮರಿಗಳಲ್ಲಿ ಹೊಸದಾಗಿ ತೋರುವ ಉಸಿರಾಟದ ರೋಗವೊಂದನ್ನು ವರ್ಣಿಸಿದರು. ಐ.ಬಿ.ಯ ಚರಿತ್ರೆ ಆರಂಭವಾಗುವುದು ಅಲ್ಲಿಂದ. ೧೯೩೭ರಲ್ಲಿ ಬೋಡೆಟ್ ಮತ್ತು ಹಡ್ಸನ್ ಎಂಬವರು ಇದರ ವೈರಸ್ಸನ್ನು ಮೊಟ್ಟೆಯೊಳಗಿನ ಭ್ರೂಣದಲ್ಲಿ ಬೆಳೆಸಿ ತೋರಿಸಿದರು. ಕಾವಿಗಿಟ್ಟ ಒಂಬತ್ತು ಹತ್ತು ದಿನಗಳ ಮೊಟ್ಟೆಗೆ ಸಣ್ಣ ರಂಧ್ರ ಮಾಡಿ ರೋಗದ್ರವ್ಯವನ್ನು ಸೇರಿಸಿ, ಮೇಣದಿಂದ ಮುಚ್ಚಿ, ಮತ್ತೆ ಕಾವಿಗಿಡುವುದು. ಒಂದು ಮೊಟ್ಟೆಯ ದ್ರವವನ್ನು ಇನ್ನೊಂದಕ್ಕೆ, ಅದರದನ್ನು ಮತ್ತೊಂದಕ್ಕೆ ಸಾಗಿಸುತ್ತ ಹೋಗುವುದು. ವೈರಸ್ ಇದ್ದರೆ ಭ್ರೂಣವು ಬೆಳೆಯದೆ ಕುಬ್ಜವಾಗಿ ಚೆಂಡಿನಂತೆ ಸುರುಟಿಕೊಳ್ಳುತ್ತದೆ. ದಶಕಗಳ ಕಾಲ ಪ್ರಯೋಗಶಾಲೆಗಳಲ್ಲಿ ಈ ರೋಗದ ಸಾಕ್ಷಿ ಎಂದರೆ ಆ ಸುರುಟಿದ ಭ್ರೂಣವೇ ಆಗಿದ್ದಿತು.

ಮರಿಗಳ ಕೆಮ್ಮಷ್ಟೇ ಆಗಿದ್ದರೆ ಐ.ಬಿ.ಗೆ ಇಷ್ಟು ಹೆದರಬೇಕಾದುದಿರಲಿಲ್ಲ. ಈ ವೈರಸ್ ಶ್ವಾಸನಾಳದಿಂದ ಇಳಿದು ಮೂತ್ರಪಿಂಡವನ್ನೂ ಅಂಡನಾಳವನ್ನೂ ಹಿಡಿಯಬಲ್ಲದು. ಮೊಟ್ಟೆಯಿಡುವ ಕೋಳಿಗೆ ತಗಲಿತೆಂದರೆ ಮೊಟ್ಟೆಗಳ ಸಂಖ್ಯೆ ಥಟ್ಟನೆ ಇಳಿಯುತ್ತದೆ. ಇಟ್ಟ ಮೊಟ್ಟೆಯಾದರೂ ಸುಕ್ಕುಗಟ್ಟಿದ ಚಿಪ್ಪಿನದು, ಸೊಟ್ಟಗಿರುವುದು, ಬಣ್ಣ ಮಾಸಿದ್ದು. ಒಡೆದರೆ ಬಿಳಿಲೋಳೆ ಗಟ್ಟಿಯಾಗಿ ನಿಲ್ಲದೆ ನೀರಿನಂತೆ ಹರಡುತ್ತದೆ. (ಹಳೆಯದಾದ ಮೊಟ್ಟೆಯ ಲೋಳೆಯೂ ತೆಳುವಾಗುವುದುಂಟು, ಆದುದರಿಂದ ಅಡಿಗೆಮನೆಯಲ್ಲಿ ಅದೊಂದರಿಂದಲೇ ರೋಗವನ್ನು ನಿರ್ಣಯಿಸಬಾರದು.)

ಇದಕ್ಕಿಂತ ಕರುಣಾಜನಕವಾದುದು ಇನ್ನೊಂದಿದೆ. ಮೊಟ್ಟೆಯೊಡೆದು ಬಂದ ಮೊದಲ ಒಂದೆರಡು ವಾರಗಳಲ್ಲಿಯೇ ಹೆಣ್ಣುಮರಿಗೆ ಕೆಲವು ಬಗೆಯ ಐ.ಬಿ. ತಗಲಿದರೆ ಎಳೆಯ ಅಂಡನಾಳವು ಶಾಶ್ವತವಾಗಿ ಕೆಡುತ್ತದೆ. ಮರಿ ಗುಣವಾಗುತ್ತದೆ, ಬೆಳೆಯುತ್ತದೆ, ಜುಟ್ಟು ಕೆಂಪೇರುತ್ತದೆ, ಗೂಡಿಗೆ ಹೋಗಿ ಕುಳಿತೂ ಬರುತ್ತದೆ. ಆದರೆ ಮೊಟ್ಟೆ ಮಾತ್ರ ಬರುವುದಿಲ್ಲ. ಹಳದಿಯು ನಾಳಕ್ಕೆ ಸೇರದೆ ಹೊಟ್ಟೆಯೊಳಗೇ ಬೀಳುತ್ತದೆ. ಇಂಥ ಕೋಳಿಗೆ ಐದು ತಿಂಗಳು ಕಾಳು ಹಾಕಿ ಸಾಕಿದವನಿಗೆ ಸಿಗುವುದು ಬರಿಯ ನಿರೀಕ್ಷೆ. ಎಂದೋ ಮರೆತುಹೋದ ಒಂದು ವಾರದ ಕೆಮ್ಮು, ತಿಂಗಳುಗಳ ಮೇಲೆ ಬಂದು ಹೀಗೆ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತದೆ.

ಬ್ರಾಯ್ಲರ್ ಸಾಕುವವನ ಕಷ್ಟ ಬೇರೆ ಬಗೆಯದು. ಅವನ ಕೋಳಿಯ ಆಯುಷ್ಯವೇ ಸುಮಾರು ನಲವತ್ತು ದಿನ. ಅದರಲ್ಲಿ ಹತ್ತು ದಿನ ಕೆಮ್ಮುತ್ತ ಕಾಳು ಬಿಟ್ಟು ಕುಳಿತರೆ ಆ ತೂಕ ಮತ್ತೆ ಕೂಡುವುದಿಲ್ಲ. ವೈರಸ್ ಗಾಯ ಮಾಡಿದ ಶ್ವಾಸನಾಳಕ್ಕೆ ಕರುಳಿನ ಸಾಮಾನ್ಯ ಬ್ಯಾಕ್ಟೀರಿಯಗಳು ನುಗ್ಗಿದುವೆಂದರೆ ಸಾವಿನ ಎಣಿಕೆಯೂ ಏರುತ್ತದೆ. ಕಂಪನಿಯಿಂದ ಮರಿಯನ್ನೂ ಆಹಾರವನ್ನೂ ಪಡೆದು, ಬೆಳೆದ ಕೋಳಿಯ ತೂಕದ ಮೇಲೆ ಕೂಲಿ ಎಣಿಸಿಕೊಳ್ಳುವ ಕರಾರಿನವನಿಗೆ ಇದು ನೇರವಾಗಿ ಮನೆಯ ಖರ್ಚಿಗೆ ಬೀಳುವ ಪೆಟ್ಟು.

ಕಿರೀಟ ತೊಟ್ಟ ಕುಲ

೧೯೬೭ರಲ್ಲಿ ಲಂಡನ್ನಿನ ಜೂನ್ ಅಲ್ಮೈಡಾ ಎಂಬ ಮಹಿಳೆ, ಡೇವಿಡ್ ಟಿರೆಲ್ ಎಂಬ ವೈದ್ಯವಿಜ್ಞಾನಿಯೊಡನೆ ಒಂದು ಮಹತ್ವದ ಸಂಗತಿಯನ್ನು ಪ್ರಕಟಿಸಿದರು. ಗ್ಲಾಸ್ಗೋ ನಗರದ ಬಸ್ ಚಾಲಕನೊಬ್ಬನ ಮಗಳಾಗಿ ಹುಟ್ಟಿ, ಹದಿನಾರನೆಯ ವಯಸ್ಸಿಗೇ ಶಾಲೆ ಬಿಟ್ಟ ಈಕೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ವೈರಸ್ಸುಗಳನ್ನು ನೋಡುವ ಕಲೆಯಲ್ಲಿ ಅದ್ವಿತೀಯಳಾಗಿದ್ದಳು. ಮನುಷ್ಯರಿಗೆ ನೆಗಡಿ ತರುವ ಕೆಲವು ವೈರಸ್ಸುಗಳೂ ಕೋಳಿಯ ಐ.ಬಿ. ವೈರಸ್ಸೂ ನೋಟಕ್ಕೆ ಒಂದೇ ತೆರನಾಗಿವೆ ಎಂದು ಆಕೆ ತೋರಿಸಿದಳು. ಗುಂಡನೆಯ ಕಣ, ಅದರ ಸುತ್ತ ಸೂರ್ಯನ ಪ್ರಭಾವಲಯದಂತೆ ಚಾಚಿದ ಮುಳ್ಳುಗಳು. ೧೯೬೮ರಲ್ಲಿ ವಿಜ್ಞಾನಿಗಳ ಒಂದು ಗುಂಪು ಈ ಕುಲಕ್ಕೆ ಕೊರೋನಾ ಎಂದು ಹೆಸರಿಟ್ಟಿತು.

೨೦೨೦ರಲ್ಲಿ ಆ ಹೆಸರು ಮನೆಮನೆಯ ಭಯವಾಯಿತು. ಆದರೆ ಆ ಕುಲದಲ್ಲಿ ಮೊಟ್ಟಮೊದಲು ಪತ್ತೆಯಾದುದು ಕೋಳಿಯ ವೈರಸ್ಸು ಎಂಬುದು ಬಹುಮಂದಿಗೆ ತಿಳಿಯದು. ಓದುಗರು ಗಾಬರಿಗೊಳ್ಳಬೇಕಾದುದಿಲ್ಲ: ಕುಲ ಒಂದೇ ಆದರೂ ಶಾಖೆ ಬೇರೆ. ಐ.ಬಿ. ವೈರಸ್ ಮನುಷ್ಯರಿಗೆ ರೋಗ ತರುವುದಿಲ್ಲ. ಚೆನ್ನಾಗಿ ಬೇಯಿಸಿದ ಮೊಟ್ಟೆ ಮಾಂಸಗಳಿಂದ ಅದರ ಭಯವೇನೂ ಇಲ್ಲ. ಮನುಷ್ಯರ ಪಾಲಿಗೆ ಅದು ನಿರುಪದ್ರವಿಯಾದರೂ, ಕೋಳಿಯ ಪಾಲಿಗೆ ಅದರ ಮುಳ್ಳು ತೀಕ್ಷ್ಣವಾದುದೇ.

ಒಂದೇ ಅಡ್ಡಹೆಸರು, ಬೇರೆಬೇರೆ ಮಂದಿ

ಆ ಮುಳ್ಳಿನಲ್ಲಿಯೇ ರೋಗದ ಮುಖ್ಯ ರಹಸ್ಯವೂ ಇದೆ. ಕೋಳಿಯ ಜೀವಕೋಶಕ್ಕೆ ವೈರಸ್ ಕಚ್ಚಿಕೊಳ್ಳುವುದು ಮುಳ್ಳಿನ ತುದಿಯಿಂದ. ಕೋಳಿಯ ದೇಹವು ವೈರಸ್ಸನ್ನು ಗುರುತು ಹಿಡಿದು ಎದುರಿಸುವುದೂ ಆ ತುದಿಯನ್ನು ನೋಡಿಯೇ. ಲಸಿಕೆ ಎಂದರೆ ಆ ಗುರುತನ್ನು ಮುಂಚಿತವಾಗಿ ಕಲಿಸಿಡುವ ಪಾಠ. ಆದರೆ ೧೯೫೬ರಲ್ಲಿ ಅಮೆರಿಕದಲ್ಲಿ ಒಂದು ವಿಪರ್ಯಾಸ ಬೆಳಕಿಗೆ ಬಂದಿತು. ಮ್ಯಾಸಚೂಸೆಟ್ಸ್ ಎಂಬ ಮಾದರಿಯ ಐ.ಬಿ.ಯನ್ನು ಎದುರಿಸಿ ಗೆದ್ದ ಕೋಳಿಗಳು, ಕನೆಕ್ಟಿಕಟ್ ಪ್ರಾಂತದಲ್ಲಿ ದೊರೆತ ಇನ್ನೊಂದು ಐ.ಬಿ.ಯ ಮುಂದೆ ನಿರಾಯುಧವಾಗಿದ್ದುವು. ರೋಗ ಅದೇ, ವೈರಸ್ ಅದೇ ಕುಲದ್ದು, ಕೆಮ್ಮೂ ಅದೇ. ಆದರೆ ಮುಳ್ಳಿನ ತುದಿ ಬೇರೆ. ಕಲಿತ ಪಾಠ ಕೆಲಸಕ್ಕೆ ಬರಲಿಲ್ಲ.

ಬೆಳಗಾವಿ ಕಡೆಯ ಓದುಗರಿಗೆ ಇದನ್ನು ಸುಲಭವಾಗಿ ತಿಳಿಸಬಹುದು. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಅಡ್ಡಹೆಸರಿರುತ್ತದೆ. ಒಂದೇ ಅಡ್ಡಹೆಸರಿನ ಹತ್ತು ಮನೆಗಳು ಒಂದು ಊರಿನಲ್ಲಿರಬಹುದು. ಸಾಲಪತ್ರದಲ್ಲಿ ಬರಿಯ ಅಡ್ಡಹೆಸರು ಬರೆದರೆ ಯಾರಿಂದ ವಸೂಲು ಮಾಡುವುದು? ಐ.ಬಿ. ಎಂಬುದು ಅಡ್ಡಹೆಸರು ಮಾತ್ರ. ಸ್ವಂತ ಹೆಸರು ತಿಳಿಯಬೇಕಾದರೆ ಮುಳ್ಳಿನ ವಂಶವಾಹಿಯನ್ನು ಅಕ್ಷರ ಅಕ್ಷರವಾಗಿ ಓದಬೇಕು.

ಈ ಓದು ಸಾಧ್ಯವಾದದ್ದು ಈಚೆಗೆ. ೧೯೮೭ರಲ್ಲಿ ಇಂಗ್ಲೆಂಡಿನ ಹೌಟನ್ ಕೋಳಿ ಸಂಶೋಧನಾ ಕೇಂದ್ರದವರು ಐ.ಬಿ. ವೈರಸ್ಸಿನ ಸಂಪೂರ್ಣ ಆನುವಂಶಿಕ ಲಿಪಿಯನ್ನು ಓದಿ ಮುಗಿಸಿದರು. ಅದರಲ್ಲಿ ೨೭,೬೦೮ ಅಕ್ಷರಗಳಿದ್ದುವು. ಕೊರೋನಾ ಕುಲದ ಯಾವುದೇ ವೈರಸ್ಸನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದು ಅದೇ ಮೊದಲು. ಈ ಉದ್ದನೆಯ ಲಿಪಿಯಲ್ಲಿ ಮುಳ್ಳಿನ ತುದಿಯನ್ನು ಬರೆದಿರುವ ಭಾಗ ಸುಮಾರು ೧,೬೦೦ ಅಕ್ಷರಗಳದು. ಅದಕ್ಕೆ ಎಸ್-೧ ಎಂದು ಹೆಸರು. ವೈರಸ್ಸಿನ ಉಳಿದ ಭಾಗಗಳು ಸಾಕಷ್ಟು ಸ್ಥಿರವಾಗಿದ್ದರೂ ಈ ಭಾಗ ಮಾತ್ರ ನಿಲ್ಲದೆ ಬದಲಾಗುತ್ತಿರುತ್ತದೆ. ಪ್ರತಿ ಬಾರಿ ನಕಲಾಗುವಾಗ ಅಕ್ಷರತಪ್ಪುಗಳು ನುಸುಳುತ್ತವೆ. ಅಷ್ಟೇ ಅಲ್ಲ, ಎರಡು ಬಗೆಯ ವೈರಸ್ಸುಗಳು ಒಂದೇ ಕೋಳಿಯಲ್ಲಿ ಕೂಡಿದರೆ, ಒಂದರ ಲಿಪಿಯ ತುಂಡು ಇನ್ನೊಂದಕ್ಕೆ ಸೇರಿ ಮೂರನೆಯದೇ ಹುಟ್ಟುವುದೂ ಉಂಟು. ೧೯೯೧ರಲ್ಲಿ ಬ್ರಿಟನ್ನಿನಲ್ಲಿ ೪/೯೧ ಎಂಬ ಹೊಸ ಬಗೆ, ೧೯೯೬ರಲ್ಲಿ ಚೀನಾದಲ್ಲಿ ಕ್ಯೂಎಕ್ಸ್ ಎಂಬ ಬಗೆ ಬೆಳಕಿಗೆ ಬಂದುವು. ೨೦೧೬ರಲ್ಲಿ ವಿಜ್ಞಾನಿಗಳು ಜಗತ್ತಿನ ಐ.ಬಿ. ವೈರಸ್ಸುಗಳನ್ನೆಲ್ಲ ಎಸ್-೧ರ ಆಧಾರದ ಮೇಲೆ ಆರು ಮುಖ್ಯ ವರ್ಗಗಳಾಗಿಯೂ, ಅವುಗಳೊಳಗೆ ೩೨ ವಂಶಗಳಾಗಿಯೂ ವಿಂಗಡಿಸಿದರು.

ಶೆಡ್ಡಿನಿಂದ ಪ್ರಯೋಗಶಾಲೆಗೆ

ಗೋಕಾಕದಲ್ಲಿಯೋ ಹುಕ್ಕೇರಿಯಲ್ಲಿಯೋ ಒಂದು ಶೆಡ್ಡಿನಲ್ಲಿ ಕೆಮ್ಮು ಕೇಳಿಸಿತೆಂದು ಇಟ್ಟುಕೊಳ್ಳೋಣ. ಅದರ ಹೆಸರನ್ನು ಹುಡುಕುವುದು ಹೇಗೆ?

ಮೊದಲ ಕೆಲಸ ಮಾದರಿ ತೆಗೆಯುವುದು. ಕೋಳಿಯ ಬಾಯಿ ತೆರೆದು ಹತ್ತಿ ಸುತ್ತಿದ ಕಡ್ಡಿಯಿಂದ ಗಂಟಲಿನ ಒಳಗೋಡೆಯನ್ನು ಮೆಲ್ಲನೆ ಒರೆಸಬೇಕು. ಸತ್ತ ಕೋಳಿಯಾದರೆ ಶ್ವಾಸನಾಳದ, ಮೂತ್ರಪಿಂಡದ ತುಣುಕು. ರೋಗ ಕಾಣಿಸಿದ ಮೊದಲ ವಾರದಲ್ಲಿ ವೈರಸ್ ಶ್ವಾಸನಾಳದಲ್ಲಿ ಹೇರಳವಾಗಿರುತ್ತದೆ. ಅನಂತರ ಅಲ್ಲಿ ಅಳಿದು, ಮೂತ್ರಪಿಂಡದಲ್ಲಿಯೂ ಕರುಳಿನ ಗಂಟುಗಳಲ್ಲಿಯೂ ಅಡಗುತ್ತದೆ. ಹತ್ತೆಂಟು ಔಷಧಿಗಳನ್ನು ಪ್ರಯೋಗಿಸಿ ನೋಡಿ, ಮೂರು ವಾರ ಕಳೆದ ಮೇಲೆ ಮಾದರಿ ಕಳುಹಿಸುವವನಿಗೆ "ಏನೂ ಸಿಗಲಿಲ್ಲ" ಎಂಬ ಉತ್ತರ ಬರುವುದು ಇದರಿಂದಲೇ.

ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು ಸಾಗಿಸಬೇಕು. ಏಕೆಂದರೆ ವೈರಸ್ಸಿನ ಲಿಪಿ ಬರೆದಿರುವ ಆರ್‌ಎನ್‌ಎ ಎಂಬ ವಸ್ತು ಬಿಸಿಲಿಗೆ ಬಲುಬೇಗ ಚೂರಾಗುತ್ತದೆ. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಇದು ಸಣ್ಣ ತೊಡಕಲ್ಲ. ಇದಕ್ಕೆ ಒಂದು ಒಳ್ಳೆಯ ಉಪಾಯವನ್ನು ಕಂಡುಹಿಡಿದಿದ್ದಾರೆ: ರಾಸಾಯನಿಕ ಲೇಪವಿರುವ ದಪ್ಪ ಕಾಗದದ ಮೇಲೆ ಮಾದರಿಯನ್ನು ಒತ್ತಿ ಒಣಗಿಸಿದರೆ ವೈರಸ್ ಸಾಯುತ್ತದೆ, ಲಿಪಿ ಮಾತ್ರ ಉಳಿಯುತ್ತದೆ. ಅಂಥ ಕಾಗದವನ್ನು ಮಂಜುಗಡ್ಡೆಯ ಗೊಡವೆಯಿಲ್ಲದೆ ಕಳುಹಿಸಬಹುದು.

ಕರ್ನಾಟಕದಲ್ಲಿ ಇಂಥ ಪರೀಕ್ಷೆಗಳ ಹಿಂದೆ ಒಂದು ಪರಂಪರೆಯೇ ಇದೆ. ದನಗಳ ದೊಡ್ಡರೋಗಕ್ಕೆ ಮದ್ದು ತಯಾರಿಸಲೆಂದು ೧೯೨೫ರಲ್ಲಿ ಮೈಸೂರು ಸಂಸ್ಥಾನದ ಸೀರಂ ಸಂಸ್ಥೆಯಾಗಿ ಆರಂಭವಾದುದು, ಇಂದು ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಾಗಿದೆ. ಬೀದರಿನಲ್ಲಿ ಪಶುವೈದ್ಯ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಹಕ್ಕಿಜ್ವರದ ಶಂಕೆ ಇದ್ದರೆ ಮಾತ್ರ ಮಾದರಿಯನ್ನು ಭೋಪಾಲದಲ್ಲಿರುವ ಉನ್ನತ ಭದ್ರತೆಯ ಪ್ರಯೋಗಶಾಲೆಗೆ ಕಳುಹಿಸುವುದು ಕ್ರಮ.

ಪ್ರಯೋಗಶಾಲೆಯಲ್ಲಿ ನಡೆಯುವ ಮೊದಲ ಪರೀಕ್ಷೆಯ ಹೆಸರು ಓದುಗರಿಗೆ ೨೦೨೦ರಿಂದ ಬಾಯಿಪಾಠವಾಗಿದೆ: ಆರ್‌ಟಿ-ಪಿಸಿಆರ್. ಆರ್‌ಎನ್‌ಎ ಲಿಪಿಯನ್ನು ಮೊದಲು ಡಿಎನ್‌ಎ ಲಿಪಿಗೆ ತಿರುಗಿಸುತ್ತಾರೆ. ಅನಂತರ ಕಾಯಿಸುವುದು, ಆರಿಸುವುದು, ಮತ್ತೆ ಕಾಯಿಸುವುದು. ಪ್ರತಿ ಸುತ್ತಿಗೂ ಬೇಕಾದ ತುಂಡು ಇಮ್ಮಡಿಯಾಗುತ್ತದೆ. ಚದುರಂಗದ ಮನೆಗಳಲ್ಲಿ ಅಕ್ಕಿಯ ಕಾಳುಗಳನ್ನು ಇಮ್ಮಡಿಸುತ್ತ ಹೋಗಿ ರಾಜನ ಕಣಜವನ್ನೇ ಬರಿದುಮಾಡಿದ ಜಾಣನ ಕಥೆ ಎಲ್ಲರಿಗೂ ಗೊತ್ತು. ಇಲ್ಲಿಯ ಲೆಕ್ಕವೂ ಅದೇ. ಒಂದು ತುಂಡು ಮೂವತ್ತು ಸುತ್ತುಗಳಲ್ಲಿ ನೂರು ಕೋಟಿಗೂ ಮಿಕ್ಕಿ ಬೆಳೆಯುತ್ತದೆ. ವೈರಸ್ಸಿನ ಸ್ಥಿರವಾದ ಭಾಗವೊಂದನ್ನು ಹೀಗೆ ಬೆಳೆಸಿ ನೋಡಿದರೆ, ಶೆಡ್ಡಿನಲ್ಲಿ ಐ.ಬಿ. ಉಂಟೋ ಇಲ್ಲವೋ ಎಂಬುದು ಕೆಲವೇ ಗಂಟೆಗಳಲ್ಲಿ ತಿಳಿಯುತ್ತದೆ.

"ಉಂಟು" ಎಂದರೆ ಸಾಲದು

ಇಲ್ಲಿಗೆ ಕೆಲಸ ಮುಗಿಯಿತೆಂದು ತೋರಬಹುದು. ಆದರೆ ನಿಜವಾದ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಫಾರಂಗಳ ಮರಿಗಳಿಗೆ ಅವು ಹುಟ್ಟಿದ ದಿನವೇ ಸಿಂಪಡಿಸುವ ಐ.ಬಿ. ಲಸಿಕೆ ಬಹುಮಟ್ಟಿಗೆ ಜೀವಂತ ವೈರಸ್ಸಿನಿಂದ ಮಾಡಿದ್ದು. ಹೆಸರಾಂತ ಎಚ್-೧೨೦ ಲಸಿಕೆಯು ಹಾಲೆಂಡಿನಲ್ಲಿ ದೊರೆತ ವೈರಸ್ಸೊಂದನ್ನು ೧೨೦ ಬಾರಿ ಮೊಟ್ಟೆಯಿಂದ ಮೊಟ್ಟೆಗೆ ದಾಟಿಸಿ ಸಾಧುಗೊಳಿಸಿದ್ದು. ಆ ಲಸಿಕೆಯ ವೈರಸ್ಸೂ ಕೋಳಿಯ ಗಂಟಲಿನಲ್ಲಿ ಕೆಲಕಾಲ ಬದುಕಿರುತ್ತದೆ. ಪಿಸಿಆರ್ "ಐ.ಬಿ. ಉಂಟು" ಎಂದು ಹೇಳಿದಾಗ, ಅದು ಕಂಡದ್ದು ಕಾವಲಿಗೆ ನಿಲ್ಲಿಸಿದ ಲಸಿಕೆಯನ್ನೋ ಕನ್ನ ಹಾಕಲು ಬಂದ ಕಳ್ಳನನ್ನೋ? ಬರಿಯ ಪತ್ತೆಯಿಂದ ಇದಕ್ಕೆ ಉತ್ತರ ದೊರೆಯದು.

ಆದುದರಿಂದ ಎಸ್-೧ ಭಾಗವನ್ನು ಬೆಳೆಸಿ, ಅದರ ಅಕ್ಷರಗಳ ಕ್ರಮವನ್ನು ಯಂತ್ರದಿಂದ ಓದಿಸಿ, ಜಗತ್ತಿನ ವಿಜ್ಞಾನಿಗಳೆಲ್ಲ ಕೂಡಿಟ್ಟಿರುವ ಲಿಪಿಗಳ ಭಂಡಾರದೊಡನೆ ಹೋಲಿಸುತ್ತಾರೆ. ಯಾವುದಕ್ಕೆ ಹತ್ತಿರ, ಯಾವುದರಿಂದ ದೂರ ಎಂದು ಅಳೆದು ಒಂದು ವಂಶವೃಕ್ಷವನ್ನು ಬರೆಯುತ್ತಾರೆ. ಶೆಡ್ಡಿನ ವೈರಸ್ ಲಸಿಕೆಯ ಕೊಂಬೆಯ ಮೇಲೆಯೇ ಕುಳಿತಿದ್ದರೆ ಅದು ಲಸಿಕೆಯದೇ ಕುರುಹು. ಕೆಮ್ಮಿನ ಕಾರಣವನ್ನು ಬೇರೆಡೆ ಹುಡುಕಬೇಕು. ದೂರದ ಕೊಂಬೆಯ ಮೇಲಿದ್ದರೆ, ಹಾಕಿದ ಲಸಿಕೆ ಅದನ್ನು ಗುರುತಿಸದೆ ಹೋಗಿರಬಹುದೆಂದು ಸಂಶಯಿಸಲು ಕಾರಣ ಸಿಕ್ಕಿತು.

ರಾಣಿಖೇತ್ ರೋಗದಲ್ಲಿ ಈ ಓದು ಇನ್ನೂ ವಿಸ್ಮಯಕರವಾದುದು. ಅಲ್ಲಿಯೂ ಜೀವಂತ ಲಸಿಕೆ ಬಳಕೆಯಲ್ಲಿದೆ. ಅಲ್ಲಿಯೂ ಅದೇ ಪ್ರಶ್ನೆ. ಆ ವೈರಸ್ಸಿನ ಎಫ್ ಎಂಬ ಪ್ರೋಟೀನಿನಲ್ಲಿ ೧೧೨ರಿಂದ ೧೧೭ರ ವರೆಗಿನ ಆರು ಸ್ಥಾನಗಳನ್ನು ಓದಿದರೆ ಸಾಧುವೋ ಕ್ರೂರಿಯೋ ಎಂದು ಹೇಳಬಹುದು. ಸಾಧು ವೈರಸ್ಸಿನ ಬೀಗ ತೆರೆಯುವ ಕೀಲಿ ಶ್ವಾಸನಾಳ, ಕರುಳುಗಳಲ್ಲಿ ಮಾತ್ರ ಸಿಗುತ್ತದೆ. ಕ್ರೂರಿಯ ಬೀಗ ದೇಹದ ಯಾವ ಅಂಗದಲ್ಲಿಯೂ ತೆರೆದುಕೊಳ್ಳುತ್ತದೆ. ಮಿದುಳಿನ ವರೆಗೆ ಹೋಗಿ ಕೊಲ್ಲುವ ರೋಗಕ್ಕೂ, ರಕ್ಷಣೆ ಕೊಡುವ ಲಸಿಕೆಗೂ ನಡುವಿನ ಅಂತರ ಇಷ್ಟು ಸಣ್ಣದು!

ಹೆಸರು ತಿಳಿದರೆ ಲಾಭವೇನು?

ಐ.ಬಿ.ಗೆ ಔಷಧವಿಲ್ಲ. ಹಾಗಾದರೆ ಹೆಸರು ತಿಳಿದು ಮಾಡುವುದೇನು ಎಂದು ಕೇಳುವವರುಂಟು. ಮೂರು ಉತ್ತರಗಳಿವೆ.

ಮೊದಲನೆಯದು ಲಸಿಕೆಯ ಆಯ್ಕೆ. ಸೀಮೆಯಲ್ಲಿ ಯಾವ ಬಗೆಯ ವೈರಸ್ ಓಡಾಡುತ್ತಿದೆ ಎಂಬುದು ಗೊತ್ತಾದರೆ, ಅದಕ್ಕೆ ತಕ್ಕ ಲಸಿಕೆಯನ್ನೋ ಎರಡು ಲಸಿಕೆಗಳ ಜೋಡಿಯನ್ನೋ ಆರಿಸಬಹುದು. ಮ್ಯಾಸಚೂಸೆಟ್ಸ್ ಬಗೆಯ ಲಸಿಕೆಯೊಡನೆ ೪/೯೧ ಬಗೆಯದನ್ನೂ ಕೊಟ್ಟರೆ, ಆ ಎರಡೂ ಅಲ್ಲದ ಹಲವು ಬಗೆಗಳಿಂದಲೂ ಸಾಕಷ್ಟು ರಕ್ಷಣೆ ದೊರೆಯುವುದನ್ನು ೧೯೯೦ರ ದಶಕದ ಕೊನೆಗೆ ಬ್ರಿಟನ್ನಿನ ಸಂಶೋಧಕರು ತೋರಿಸಿದರು. ಹಾಗೆಂದು ಸಿಕ್ಕ ಲಸಿಕೆಗಳನ್ನೆಲ್ಲ ಹಾಕುವುದೂ ತರವಲ್ಲ. ಆ ಸೀಮೆಯಲ್ಲಿಲ್ಲದ ಬಗೆಯ ಜೀವಂತ ವೈರಸ್ಸನ್ನು ಕೈಯಾರೆ ತಂದು ಬಿಟ್ಟಂತೆ ಆದೀತು. ಅದು ಇನ್ನೊಂದರೊಡನೆ ಬೆರೆತು ಹೊಸದನ್ನು ಹುಟ್ಟಿಸಲೂಬಹುದು.

ಎರಡನೆಯದು ವ್ಯರ್ಥವಾದ ಔಷಧದ ಮಾತು. ಕೆಮ್ಮು ಕೇಳಿದೊಡನೆ ಕುಡಿಯುವ ನೀರಿಗೆ ಆಂಟಿಬಯಾಟಿಕ್ ಸುರಿಯುವ ಅಭ್ಯಾಸ ವ್ಯಾಪಕವಾಗಿದೆ. ಅದು ವೈರಸ್ಸನ್ನು ಮುಟ್ಟುವುದೂ ಇಲ್ಲ. ಹಿಂದಿನಿಂದ ನುಗ್ಗುವ ಬ್ಯಾಕ್ಟೀರಿಯಗಳ ಮೇಲೆ, ವೈದ್ಯರ ಸಲಹೆಯಂತೆ ಬಳಸಿದರೆ ಉಪಯೋಗವುಂಟು. ಕುರುಡಾಗಿ ಬಳಸಿದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳ ಸಂತಾನವನ್ನು ಸಾಕಿದಂತೆ. ಕೊಲಿಸ್ಟಿನ್ ಎಂಬುದು ಬೇರೆಲ್ಲ ಔಷಧಗಳೂ ಸೋತಾಗ ಆಸ್ಪತ್ರೆಯ ರೋಗಿಗೆ ಕೊಡುವ ಕೊನೆಯ ಆಸರೆ. ಅದನ್ನು ಕೋಳಿ ಮತ್ತಿತರ ಆಹಾರದ ಪ್ರಾಣಿಗಳಿಗೆ ಕೊಡುವುದನ್ನು ಭಾರತ ಸರ್ಕಾರ ೨೦೧೯ರಲ್ಲಿ ನಿಷೇಧಿಸಿತು. ಪಟ್ಟಣದ ಕುಟುಂಬಗಳಿಗೂ ಹೊಳೆಸಾಲಿನ ಕೋಳಿಯ ಕೆಮ್ಮಿಗೂ ನಿಜವಾದ ನಂಟಿರುವುದು ಇಲ್ಲಿ. ಐ.ಬಿ. ವೈರಸ್ ಊಟದ ತಟ್ಟೆಯ ಮೂಲಕ ಮನುಷ್ಯನನ್ನು ಹಿಡಿಯದು. ಅದಕ್ಕೆ ಹೆದರಿ ಸುರಿದ ಔಷಧದ ಪರಿಣಾಮವಾದರೋ ಒಂದು ದಿನ ಆಸ್ಪತ್ರೆಯ ಹಾಸಿಗೆಯ ತನಕ ಬರಬಲ್ಲದು.

ಮೂರನೆಯದು ನೆರೆಹೊರೆಯ ಹಿತ. ಪುಣೆ-ಬೆಂಗಳೂರು ಹೆದ್ದಾರಿ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಮೂಲಕ ಹಾಯುತ್ತದೆ. ಮಹಾರಾಷ್ಟ್ರದ ಗಡಿ ಅಲ್ಲಿಗೆ ಸಮೀಪ. ಮರಿಯ ಪೆಟ್ಟಿಗೆ, ಮೊಟ್ಟೆಯ ಟ್ರೇ, ಕೋಳಿ ಒಯ್ಯುವ ಲಾರಿ, ಆಳುಗಳ ಚಪ್ಪಲಿ, ಇವು ಯಾವುವೂ ತಾಲ್ಲೂಕಿನ ಎಲ್ಲೆಯನ್ನು ಕೇಳಿ ಓಡಾಡುವುದಿಲ್ಲ. ಗೋಕಾಕದ ಒಂದು ಶೆಡ್ಡಿನ ವೈರಸ್ಸೂ ಮೂಡಲಗಿಯ ಇನ್ನೊಂದರದೂ ಅಕ್ಷರಶಃ ಒಂದೇ ಆಗಿದ್ದರೆ, ರೋಗ ಒಂದು ಕಡೆಯಿಂದ ಇನ್ನೊಂದು ಕಡೆಗೆ ಪ್ರಯಾಣ ಮಾಡಿದೆ, ಅಥವಾ ಎರಡಕ್ಕೂ ಒಂದೇ ಮೂಲವಿದೆ ಎಂದು ಊಹಿಸಬಹುದು. ಆಗ ಯಾವ ದಾರಿಯನ್ನು ಮುಚ್ಚಬೇಕೆಂಬುದೂ ತಿಳಿದೀತು.

ಒಂದು ಎಚ್ಚರಿಕೆಯ ಮಾತು: ಪ್ರಯೋಗಶಾಲೆಯ ಕಾಗದ ಶೆಡ್ಡಿನ ಸ್ಥಿತಿಯನ್ನು ಬಲ್ಲದಲ್ಲ. ಚಳಿಗೆ ಹೆದರಿ ನಾಲ್ಕೂ ಕಡೆ ಪರದೆ ಬಿಗಿದು, ನೆನೆದ ಹೊಟ್ಟಿನಿಂದೇಳುವ ಅಮೋನಿಯದ ಘಾಟಿಗೆ ಕಣ್ಣುರಿಯುವಂಥ ಶೆಡ್ಡಿನಲ್ಲಿ ಯಾವ ಲಸಿಕೆಯೂ ಪೂರ್ತಿಯಾಗಿ ಫಲಿಸದು. ಶ್ವಾಸನಾಳವನ್ನು ಗುಡಿಸಿಡುವ ನವಿರು ಕೂದಲುಗಳೇ ಆ ಘಾಟಿಗೆ ಕುಸಿದಿರುತ್ತವೆ. ಒಣ ಹೊಟ್ಟು, ಆಡುವ ಗಾಳಿ, ಒಂದು ತಂಡದ ಕೋಳಿಗಳು ಹೋದ ಮೇಲೆ ತೊಳೆದು ಕೆಲವು ದಿನ ಖಾಲಿ ಬಿಟ್ಟ ಶೆಡ್ಡು, ಬಾಗಿಲಲ್ಲಿ ಕಾಲು ಅದ್ದಲು ಕ್ರಿಮಿನಾಶಕದ ತೊಟ್ಟಿ: ವಂಶವಾಹಿಯನ್ನು ಓದುವ ಯಂತ್ರದಷ್ಟೇ ಇವೂ ಮುಖ್ಯ. ಕೋಳಿಗಳು ಒಮ್ಮೆಲೇ ಗುಂಪುಗುಂಪಾಗಿ ಸತ್ತರಂತೂ, ಗುಟ್ಟುಮಾಡದೆ ಪಶುಪಾಲನಾ ಇಲಾಖೆಗೆ ಅಂದೇ ತಿಳಿಸತಕ್ಕದ್ದು.

ಗುಟ್ಟುಮಾಡುವ ಸ್ವಭಾವವೇ ಎಲ್ಲಕ್ಕಿಂತ ದೊಡ್ಡ ತೊಡಕು. ರೋಗದ ಸುದ್ದಿ ಹಬ್ಬಿದರೆ ಬೆಲೆ ಬಿದ್ದೀತು, ಕಂಪನಿ ಮುಂದಿನ ಮರಿ ಕೊಡದೆ ಹೋದೀತು ಎಂಬ ಭಯದಿಂದ ಸಾಕಣೆದಾರನು ಸುಮ್ಮನಿರುತ್ತಾನೆ. ಈ ಭಯ ಸುಳ್ಳೆನ್ನುವಂತಿಲ್ಲ. ಮೇಲಾಗಿ, ಪರೀಕ್ಷೆಯ ಉತ್ತರ ಬರುವಷ್ಟರಲ್ಲಿ ಕೆಮ್ಮಿದ ಕೋಳಿಗಳು ಸಂತೆ ಸೇರಿರುತ್ತವೆ. ಅದರಿಂದ ಅವನಿಗೆ ಅಂದಿನ ಮಟ್ಟಿಗೆ ಒಂದು ರೂಪಾಯಿಯ ಲಾಭವೂ ಇಲ್ಲ. ಹೆಸರು ತಿಳಿದುದರ ಫಲ ಸಿಗುವುದು ಮುಂದಿನ ತಂಡದ ಮರಿಗಳಿಗೆ, ಪಕ್ಕದ ಹೊಲದವನ ಶೆಡ್ಡಿಗೆ, ಹಿತ್ತಿಲಿನಲ್ಲಿ ನಾಲ್ಕು ಜವಾರಿ ಕೋಳಿ ಸಾಕಿ ತತ್ತಿ ಮಾರುವ ಹೆಂಗಸಿಗೆ. ತನಗೆ ನ್ಯಾಯವಾಗಿ ಬರಬೇಕಾದ ಕೂಲಿ ಕಳೆದುಕೊಂಡವನೇ ಊರಿಗಾಗಿ ಮಾದರಿ ಕೊಡಬೇಕೆಂದರೆ, ಆ ಭಾರವನ್ನು ಅವನೊಬ್ಬನ ಹೆಗಲಿಗೇ ಬಿಡುವುದು ಸರಿಯಲ್ಲ. ಮಾದರಿಯನ್ನು ಶೆಡ್ಡಿನ ಬಾಗಿಲಿನಿಂದಲೇ ಕೊಂಡೊಯ್ದು, ಖರ್ಚು ಕೇಳದೆ ಓದಿ, ಅವನ ಹೆಸರನ್ನು ಮರೆಮಾಡಿ ವೈರಸ್ಸಿನ ಹೆಸರನ್ನು ಮಾತ್ರ ಸಾರುವ ಏರ್ಪಾಡು ಇದ್ದಲ್ಲಿ ಕೆಮ್ಮು ಗುಟ್ಟಾಗಿ ಉಳಿಯುವುದಿಲ್ಲ. ಅಲ್ಲಿಯ ವರೆಗೆ ಹುತ್ತವನ್ನು ಬಡಿಯುವ ಕೆಲಸ ನಡೆದೇ ಇರುತ್ತದೆ. ಒಳಗಿರುವ ಹಾವು ಯಾವುದೆಂದು ಮಾತ್ರ ಯಾರಿಗೂ ತಿಳಿದಿರುವುದಿಲ್ಲ.